ಬಚ್ಚಲ ಮೋರಿಯ ಚರಿತ್ರೆ

ಚರಿತ್ರೆಯ ಹೆಸರಿನಲ್ಲಿ ಮಾತನಾಡಲು ಹೊರಟವರು ರಾಜರ ದಂಡಯಾತ್ರೆಗಳನ್ನೋ, ಶಾಸನಗಳ ಕಾಲನಿರ್ಣಯವನ್ನೋ, ದೇವಾಲಯಗಳ ಶಿಲ್ಪಸೌಂದರ್ಯವನ್ನೋ ವಿಷಯವಾಗಿ ಆರಿಸಿಕೊಳ್ಳುವುದು ವಾಡಿಕೆ. ನಾವು ಈ ದಿನ ಆರಿಸಿಕೊಂಡಿರುವ ವಿಷಯವು ಬಚ್ಚಲ ನೀರು ಹೊರಗೆ ಹೋಗುವ ಮೋರಿಯೆಂದು ಕೇಳಿದರೆ ಶ್ರೋತೃಗಳಲ್ಲಿ ಕೆಲವರು ನಗಬಹುದು. ಊಟದ ಹೊತ್ತಿಗೆ ಈ ಮಾತು ಬೇಡವಾಗಿತ್ತೆಂದು ಮತ್ತೆ ಕೆಲವರು ಮುಖ ಸಿಂಡರಿಸಲೂಬಹುದು. ಆದರೆ ಮನುಷ್ಯನು ಮನೆ ಕಟ್ಟಿ ನೆಲೆನಿಂತ ದಿನದಿಂದ ನೀರನ್ನು ಒಳಗೆ ತರುವುದು ಎಷ್ಟು ದೊಡ್ಡ ಚಿಂತೆಯಾಗಿತ್ತೋ, ಅದನ್ನು ಹೊರಗೆ ಕಳುಹಿಸುವುದೂ ಅಷ್ಟೇ ದೊಡ್ಡ ಚಿಂತೆಯಾಗಿತ್ತು. ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ಉಳಿದಿದೆ. ಮೋರಿ ತೋಡಿಸಿದವರನ್ನು ಹೊಗಳಿದ ಕವಿಗಳು ಕಡಿಮೆ. ಆ ಸಾಲವನ್ನು ಸ್ವಲ್ಪಮಟ್ಟಿಗೆ ತೀರಿಸೋಣವೆಂಬುದು ನಮ್ಮ ಉದ್ದೇಶ.

ಇದಕ್ಕೆ ಪ್ರೇರಣೆಯಾದ ಸಂಗತಿಯನ್ನು ಮೊದಲು ಹೇಳಬೇಕು. ನಮ್ಮ ಸೋದರಮಾವನವರು ಬಾಗಲಕೋಟೆಯಲ್ಲಿ ಹೊಸ ಮನೆಯನ್ನು ಕಟ್ಟಿಸುತ್ತಿದ್ದರು. ಆ ಸೀಮೆಯ ಬೇಸಗೆಯ ಬಿಸಿಲು ಎಂಥದೆಂಬುದು ಅಲ್ಲಿ ಒಂದು ಚೈತ್ರಮಾಸವನ್ನು ಕಳೆದವರಿಗೆ ಗೊತ್ತು. ಆದುದರಿಂದ ಮನೆಯ ಕೆಳಗೆ ಒಂದು ನೆಲಮಾಳಿಗೆಯನ್ನು ತೋಡಿಸಿ, ಮಧ್ಯಾಹ್ನದ ಹೊತ್ತು ಅಲ್ಲಿ ತಂಪಾಗಿ ಇರಬೇಕೆಂದು ಅವರು ಸಂಕಲ್ಪಿಸಿದರು. ನಮ್ಮ ಅತ್ತೆಯವರಿಗೆ ಮೊಳಕಾಲಿನ ಬೇನೆ. ಅವರು ಕೆಳಗೆ ಮಲಗಿದ್ದಾಗ ರಾತ್ರಿ ಎರಡು ಸಲ ಮೆಟ್ಟಿಲು ಹತ್ತಿ ಮೇಲಕ್ಕೆ ಬರುವುದು ಸಾಧ್ಯವಿಲ್ಲ. ಹೀಗಾಗಿ ಒಂದು ಬಚ್ಚಲೂ ಶೌಚಗೃಹವೂ ಕೆಳಗೇ ಆಗಬೇಕೆಂದು ನಿಶ್ಚಯವಾಯಿತು. ಗೌಂಡಿಯು ಬಹು ಉತ್ಸಾಹಿ. “ನೆಲಕ್ಕ ಕಾಂಕ್ರೀಟು ಹಾಕಿ ಬಿಡೋಣ್ರಿ, ಪೈಪಿಂದು ಆಮ್ಯಾಲೆ ನೋಡಿದ್ರಾತು” ಎಂದು ಅವನು ದಿನವನ್ನೂ ಗೊತ್ತುಮಾಡಿಬಿಟ್ಟಿದ್ದನು. ನಾವು ರಜೆಗೆಂದು ಹೋಗಿದ್ದವರು ಆ ಸಮಯಕ್ಕೆ ಅಲ್ಲಿದ್ದೆವು. ಮಾವನವರು ನಮ್ಮ ಕಡೆಗೆ ತಿರುಗಿ, “ಬಾದಾಮಿ, ಐಹೊಳಿ ಅಂತ ತಾಸುಗಟ್ಲೆ ಹೇಳ್ತಿ. ಈ ಬಚ್ಚಲ ನೀರು ಯಾ ಕಡೆ ಹೋಗಬೇಕು, ಅದನ್ನೊಂದಿಷ್ಟು ಹೇಳು ನೋಡೋಣು” ಎಂದರು.

ಅವರು ಹಾಸ್ಯಕ್ಕೆಂದೇ ಹೇಳಿದರು. ನಮಗೆ ಮಾತ್ರ ಉತ್ತರವು ಥಟ್ಟನೆ ಹೊಳೆಯಲಿಲ್ಲ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಚಾಳುಕ್ಯರ ಚರಿತ್ರೆಯನ್ನು ಪಾಠ ಹೇಳಿದವರು ನಾವು. ಅವರ ಗುಡಿಗಳಲ್ಲಿ ನೀರು ಯಾವ ಕಡೆಯಿಂದ ಹೊರಗೆ ಹೋಗುತ್ತದೆಂಬುದನ್ನು ಒಂದು ಸಲವಾದರೂ ನಿಂತು ನೋಡಿದ್ದೆವೋ ಎಂದು ಕೇಳಿಕೊಂಡರೆ, ಇಲ್ಲವೆಂದೇ ಒಪ್ಪಿಕೊಳ್ಳಬೇಕಾಯಿತು. ಕಾಂಕ್ರೀಟನ್ನು ಎಂಟು ದಿನ ತಡೆಯುವಂತೆ ಮಾವನವರನ್ನು ಕೇಳಿಕೊಂಡು, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಹುನಗುಂದ, ಇಳಕಲ್ಲುಗಳ ಕಡೆಗೆ ಒಂದು ಸುತ್ತು ಹೋಗಿಬಂದೆವು. ಆ ಸುತ್ತಿನಲ್ಲಿ ಕಂಡದ್ದನ್ನೂ, ಕಂಡದ್ದರಿಂದ ತಿಳಿದದ್ದನ್ನೂ ಕ್ರಮವಾಗಿ ಹೇಳುತ್ತೇವೆ.

ಮೊದಲು ಪಟ್ಟದಕಲ್ಲಿಗೆ ಹೋಗೋಣ. ಮಲಪ್ರಭೆಯ ದಡದಲ್ಲಿರುವ ಈ ಊರಿನ ವಿರೂಪಾಕ್ಷ ದೇವಾಲಯವನ್ನು, ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ಸ್ಮರಣಾರ್ಥವಾಗಿ ಅವನ ರಾಣಿ ಲೋಕಮಹಾದೇವಿಯು ಕ್ರಿ. ಶ. ೭೪೦ರ ಸುಮಾರಿನಲ್ಲಿ ಕಟ್ಟಿಸಿದಳು. ಕಟ್ಟಿದ ಸೂತ್ರಧಾರನ ಹೆಸರು ಗುಂಡ. ಅನಿವಾರಿತಾಚಾರಿಯೆಂಬುದು ಅವನ ಬಿರುದು. ಶಾಸನವು ಅವನನ್ನು ಮೆಚ್ಚಿ ಹೊಗಳುತ್ತದೆ. ಪ್ರವಾಸಿಗಳು ಮುಂದಿನ ಮಂಟಪದ ಕಂಬಗಳನ್ನೂ ಗೋಡೆಯ ವಿಗ್ರಹಗಳನ್ನೂ ನೋಡಿ ಹಿಂತಿರುಗುವರು. ನಾವು ಈ ಸಲ ಬೇರೊಂದು ವಸ್ತುವನ್ನು ನೋಡಲು ಹೋಗಿದ್ದೆವು. ಅದಕ್ಕೆ ಪ್ರಣಾಲವೆಂದು ಹೆಸರು.

ಶಿವಾಲಯದಲ್ಲಿ ಲಿಂಗದ ಮೇಲೆ ಎರೆದ ನೀರು ಪೀಠದ ಮೇಲೆ ಹರಿದು, ಪೀಠದ ಮೂತಿಯಿಂದ ಕೆಳಗಿಳಿದು, ಗೋಡೆಯ ಬುಡದಲ್ಲಿ ಕೊರೆದಿರುವ ದಾರಿಯಿಂದ ಹೊರಕ್ಕೆ ಬೀಳುತ್ತದೆ. ಗುಡಿಯು ಪೂರ್ವಾಭಿಮುಖವಾಗಿದ್ದಲ್ಲಿ ಈ ಬಾಯಿಯು ಉತ್ತರದ ಕಡೆಗಿರುವುದು ಸಂಪ್ರದಾಯ. ಶಿವಾಲಯದಲ್ಲಿ ಆಚಾರವಂತರು ಪೂರ್ತಿ ಪ್ರದಕ್ಷಿಣೆಯನ್ನು ಮಾಡದೆ, ಈ ನೀರಿನ ದಾರಿಯವರೆಗೆ ಹೋಗಿ, ಅದನ್ನು ದಾಟದೆ ಹಿಂತಿರುಗುವರು. ನೀರು ಹೊರಹೋಗುವ ಹಾದಿಗೆ ನಮ್ಮವರು ಇಷ್ಟು ಗೌರವವನ್ನು ಕೊಟ್ಟಿದ್ದರೆಂಬುದು ಗಮನಿಸತಕ್ಕ ವಿಷಯ.

ಇದನ್ನು ಕಟ್ಟುವವನ ಕಣ್ಣಿನಿಂದ ನೋಡಿದರೆ ಮೂರು ಮಟ್ಟಗಳು ತೋರುತ್ತವೆ. ಪೀಠದ ಮೂತಿಯು ಎಲ್ಲಕ್ಕಿಂತ ಮೇಲೆ. ಅದಕ್ಕಿಂತ ಕೆಳಗೆ ಗರ್ಭಗೃಹದ ನೆಲ. ಅದಕ್ಕಿಂತಲೂ ಕೆಳಗೆ ಹೊರಗಿನ ಪ್ರಣಾಲದ ಬಾಯಿ. ಈ ಮೂರರಲ್ಲಿ ಒಂದು ಅಂಗುಲ ಹೆಚ್ಚುಕಡಮೆಯಾದರೂ ಅಭಿಷೇಕದ ನೀರು ಗರ್ಭಗೃಹದಲ್ಲಿಯೇ ನಿಲ್ಲುವುದು. ಗೋಡೆಯು ದಪ್ಪನಾದ ಕಲ್ಲಿನದು. ಮೇಲೆ ಶಿಖರದ ಭಾರವಿದೆ. ಕಟ್ಟಿ ಮುಗಿಸಿದ ಮೇಲೆ ತೂತು ಕೊರೆಯುತ್ತೇನೆಂದರೆ ಆಗುವ ಕೆಲಸವಲ್ಲ. ಆದುದರಿಂದ ಅಧಿಷ್ಠಾನದ ವರಸೆಗಳನ್ನು ಇಡುವಾಗಲೇ ಪ್ರಣಾಲದ ಕಲ್ಲನ್ನು ಅದರ ಸ್ಥಾನದಲ್ಲಿ ಕೂರಿಸಬೇಕು. ಎಂದರೆ, ದೇವರನ್ನು ಪ್ರತಿಷ್ಠೆಮಾಡುವುದಕ್ಕೆ ಎಷ್ಟೋ ಮೊದಲು ದೇವರ ಸ್ನಾನದ ನೀರಿಗೆ ದಾರಿಯು ನಿಶ್ಚಯವಾಗಿರಬೇಕು. ಮಾವನವರ ಗೌಂಡಿಯ “ಆಮ್ಯಾಲೆ ನೋಡಿದ್ರಾತು” ಎಂಬ ಮಾತು ಗುಂಡನ ಕೆಲಸದಲ್ಲಿ ನಡೆಯುವಂತಿರಲಿಲ್ಲ.

ಪಟ್ಟದಕಲ್ಲಿನಿಂದ ಬಾದಾಮಿಗೆ ಬಂದರೆ ಇದೇ ಪಾಠವು ಇನ್ನೂ ಕಠಿನವಾಗಿ ಕಾಣುತ್ತದೆ. ಇಲ್ಲಿಯ ಮೂರನೆಯ ಗುಹೆಯನ್ನು ಮಂಗಳೇಶನು ಮಾಡಿಸಿದನೆಂದು ಕ್ರಿ. ಶ. ೫೭೮ರ ಶಾಸನವು ತಿಳಿಸುತ್ತದೆ. ಇದು ಕಟ್ಟಿದ ಕಟ್ಟಡವಲ್ಲ, ಬೆಟ್ಟದಿಂದ ಕಡಿದು ತೆಗೆದುದು. ಕಟ್ಟುವವನು ತಪ್ಪಿದರೆ ಒಂದು ಕಲ್ಲನ್ನು ಕಿತ್ತು ಇನ್ನೊಂದನ್ನು ಇಡಬಹುದು. ಕಡಿಯುವವನಿಗೆ ಆ ಅನುಕೂಲವಿಲ್ಲ. ಚಾವಣಿಯಿಂದ ಕೆಳಮುಖವಾಗಿ ಕಡಿಯುತ್ತ ನೆಲಕ್ಕೆ ಬಂದಾಗ, ನೆಲವನ್ನು ಅರ್ಧ ಗೇಣು ಹೆಚ್ಚಾಗಿ ಕಡಿದುಬಿಟ್ಟರೆ, ಆ ಅರ್ಧ ಗೇಣನ್ನು ಹಿಂದಕ್ಕೆ ತರಲು ಯಾರಿಂದಲೂ ಆಗದು. ಗುಹೆಯ ಮುಂಭಾಗದಲ್ಲಿ ಮುಂದಕ್ಕೆ ಚಾಚಿದ ಕಪೋತವನ್ನು ಬೆಟ್ಟದ ಕಲ್ಲಿನಲ್ಲಿಯೇ ಉಳಿಸಿ ಕೊರೆದಿದ್ದಾರೆ. ನೋಡುವವರು ಅದರ ಒಳಮೈಯ ಗರುಡನನ್ನು ಮೆಚ್ಚುವರು. ಆದರೆ ಬೆಟ್ಟದ ಮೈಮೇಲಿಂದ ಇಳಿಯುವ ಮಳೆನೀರನ್ನು ಒಳಗೆ ಬಿಡದೆ ಮುಂದಕ್ಕೆ ಚೆಲ್ಲುವ ಕೆಲಸವೂ ಅದರದೇ. ಕಂಬಕ್ಕೆ ಮೊದಲ ಉಳಿಪೆಟ್ಟು ಬೀಳುವುದಕ್ಕೆ ಮುಂಚೆಯೇ ಈ ಕಪೋತಕ್ಕೆ ಬೇಕಾದ ಕಲ್ಲನ್ನು ಮೀಸಲಾಗಿ ಬಿಟ್ಟಿದ್ದಿರಬೇಕು.

ಐಹೊಳೆಯ ಲಾಡಖಾನ ಗುಡಿಯ ಮಾಡಿನ ಮೇಲೂ ಇಂಥದೇ ವಿವೇಕವುಂಟು. ಅಲ್ಲಿ ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿಗಳ ಸಂದುಗಳಲ್ಲಿ ನೀರು ಇಳಿಯಬಾರದೆಂದು ಪ್ರತಿಯೊಂದು ಸಂದಿನ ಮೇಲೂ ಮರದ ತೊಲೆಯಂತಿರುವ ಉದ್ದನೆಯ ಕಲ್ಲಿನ ಪಟ್ಟಿಯನ್ನು ಕೂರಿಸಿದ್ದಾರೆ. ನೀರು ಮೊದಲು ಹುಡುಕುವುದು ಸಂದನ್ನು ಎಂಬುದು ಅವರಿಗೆ ತಿಳಿದಿತ್ತು.

ಆದರೆ ಶ್ರೋತೃಗಳು ಇಲ್ಲಿ ಒಂದು ಪ್ರಶ್ನೆಯನ್ನು ಹಾಕಬಹುದು. ಗುಡಿಗಳೆಲ್ಲ ಎತ್ತರದ ಜಗತಿಯ ಮೇಲಿವೆ. ಬಾದಾಮಿಯ ಗುಹೆಗಳು ಅಗಸ್ತ್ಯತೀರ್ಥಕ್ಕಿಂತ ಎಷ್ಟೋ ಮೇಲೆ ಬಂಡೆಯ ಮೈಯಲ್ಲಿವೆ. ಮೇಲಿನಿಂದ ಕೆಳಕ್ಕೆ ನೀರನ್ನು ಬಿಡುವುದೇನು ಮಹಾ? ನೆಲದ ಕೆಳಗಿನ ಬಚ್ಚಲಿಗೆ ಇದರಿಂದ ಏನು ಪ್ರಯೋಜನ? ಈ ಆಕ್ಷೇಪವು ಸರಿಯಾದುದೇ. ಆದುದರಿಂದ ನೆಲಕ್ಕಿಂತ ಕೆಳಗೆ ಇಳಿದವರು ಏನು ಮಾಡಿದರೆಂಬುದನ್ನು ವಿಚಾರಿಸಬೇಕು.

ಸಿಂಧೂ ಕಣಿವೆಯ ಮೊಹೆಂಜೊದಾರೊದಲ್ಲಿ ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಮಹಾಸ್ನಾನಕುಂಡವೊಂದು ದೊರೆತಿರುವುದನ್ನು ಎಲ್ಲರೂ ಪಠ್ಯಪುಸ್ತಕಗಳಲ್ಲಿ ಓದಿದ್ದಾರೆ. ಸುಮಾರು ೧೨ ಮೀಟರು ಉದ್ದ, ೭ ಮೀಟರು ಅಗಲ, ೨.೪ ಮೀಟರು ಆಳದ ಕುಂಡವದು. ಇಟ್ಟಿಗೆಗಳನ್ನು ಒತ್ತಾಗಿ ಜೋಡಿಸಿ, ನೀರು ಜಿನುಗದಂತೆ ನೆಲಗೀಲನ್ನು ಬಳಿದಿದ್ದರು. ಕುಂಡದ ಒಂದು ಮೂಲೆಯಿಂದ ನೀರು ಹೊರಗೆ ಹೋಗಲು, ಮನುಷ್ಯನು ನಿಂತು ನಡೆಯಬಹುದಾದಷ್ಟು ಎತ್ತರದ ಮೋರಿಯನ್ನು ಕಟ್ಟಿದ್ದರು. ಆಳವಾದ ಕುಂಡದ ತಳದಿಂದ ನೀರು ತಾನಾಗಿಯೇ ಹೊರಬಿದ್ದುದು ಹೇಗೆ? ಅದರ ರಹಸ್ಯವೇನೆಂದರೆ, ಕುಂಡವನ್ನು ತೋಡಿದ್ದು ಊರಿನ ಎತ್ತರದ ದಿಬ್ಬದ ಮೇಲೆ. ನೋಡುವವರ ಕಣ್ಣಿಗೆ ಅದು ಆಳ. ನೀರಿನ ಕಣ್ಣಿಗೆ ಎತ್ತರ. ಒಂದು ಸ್ಥಳವು ತಗ್ಗೋ ದಿಣ್ಣೆಯೋ ಎಂಬುದನ್ನು ನಾವು ನಿಂತ ನೆಲದಿಂದ ಎಣಿಸತಕ್ಕದ್ದಲ್ಲ, ನೀರು ಕಟ್ಟಕಡೆಗೆ ಸೇರುವ ಜಾಗದಿಂದ ಎಣಿಸತಕ್ಕದ್ದು. ಈ ಒಂದು ಮಾತು ನಮ್ಮ ಇಡೀ ವಿಷಯಕ್ಕೆ ಕೀಲಿಕೈಯಿದ್ದಂತೆ.

ನಮ್ಮ ಉತ್ತರದ ಸೀಮೆಯಲ್ಲಿ ನೆಲದಡಿಯಲ್ಲಿ ಜೋಳವನ್ನು ಕಾಯ್ದಿಡುತ್ತಿದ್ದ ಹಗೇವುಗಳಿದ್ದುವು. ಹಗೇವಿಗೆ ಮೋರಿಯಿಲ್ಲ, ನೀರೇ ಅದರೊಳಗೆ ಬರಬಾರದು. ಆದುದರಿಂದ ಎತ್ತರದ ಗಟ್ಟಿನೆಲವನ್ನು ಹುಡುಕಿ ತೋಡಿ, ಒಳಮೈಗೆ ಹುಲ್ಲನ್ನು ಹೊದಿಸಿ, ಬಾಯನ್ನು ಭದ್ರವಾಗಿ ಮುಚ್ಚುತ್ತಿದ್ದರು. ನೀರಿಗೆ ದಾರಿ ಕೊಡಲಾಗದ ತಗ್ಗಿನಲ್ಲಿ ನೀರಿನ ಕೆಲಸವನ್ನೇ ಇಟ್ಟುಕೊಳ್ಳಬಾರದೆಂಬುದು ಆ ಒಕ್ಕಲಿಗರ ತೀರ್ಮಾನ.

ಇಳಕಲ್ಲಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆಯಿದೆ. ಇಳಕಲ್ ಸೀರೆಯನ್ನು ಉಡದ ಮನೆ ಆ ಕಡೆ ವಿರಳ. ಆ ಸೀರೆಯನ್ನು ನೇಯುವ ಹಳೆಯ ಮಗ್ಗವು ಗುಂಡಿಮಗ್ಗ. ಮನೆಯ ನೆಲದಲ್ಲಿ ಒಂದು ಗುಂಡಿಯನ್ನು ತೋಡಿ, ನೇಕಾರನು ಅಂಚಿನ ಮೇಲೆ ಕುಳಿತು ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಯುವ ಹಲಗೆಗಳನ್ನು ಆಡಿಸುತ್ತಾನೆ. ನೆಲದ ತಂಪಿನಿಂದ ನೂಲು ಒಣಗಿ ಹರಿಯದೆ ಇರುತ್ತದೆಂಬುದು ಈ ಗುಂಡಿಯ ಒಂದು ಗುಣ. ಹೀಗೆ ಗುಂಡಿಯ ತೇವವು ಅವನಿಗೆ ಬೇಕು. ನೀರು ಮಾತ್ರ ಬೇಡ. ಜೋರಾದ ಮಳೆ ಹಿಡಿದು ಬೀದಿಯ ಗಟಾರ ತುಂಬಿದರೆ ನೀರು ಮೊದಲು ಹೊಕ್ಕುವುದು ಆ ಗುಂಡಿಯನ್ನೇ. ಗುಂಡಿಯಿಂದ ಹೊರಕ್ಕೆ ಮೋರಿಯನ್ನು ಇಡೋಣವೆಂದರೆ, ಬೀದಿಯ ಗಟಾರವೇ ಗುಂಡಿಗಿಂತ ಮೇಲಿದೆ; ಇಟ್ಟ ಮೋರಿಯಿಂದ ನೀರು ಹೊರಗೆ ಹೋಗುವ ಬದಲು ಒಳಗೆ ಬರುವುದು. ಆಗ ನೇಕಾರನ ಮನೆಯವರು ಚಂಬು ಬಕೀಟುಗಳನ್ನು ಹಿಡಿದು ತೋಡಿ ಚೆಲ್ಲಬೇಕು. ನೀರು ನಿಂತಷ್ಟು ದಿನ ಕೂಲಿಯಿಲ್ಲ. ಅದೇ ಊರಿನ ಸುತ್ತಲಿನ ಕೆಂಪು ಗ್ರಾನೈಟಿನ ಗಣಿಗಳಲ್ಲಿಯೂ ಆಳಕ್ಕೆ ಇಳಿದಂತೆಲ್ಲ ಮಳೆಯ ನೀರು ತುಂಬಿ, ಅದನ್ನು ಯಂತ್ರವಿಟ್ಟು ಮೇಲಕ್ಕೆತ್ತದೆ ಕೆಲಸವು ಸಾಗದು. ಸೇರುವ ಜಾಗಕ್ಕಿಂತ ಕೆಳಗಿರುವ ನೀರನ್ನು ಇಳಿಸಲು ಆಗುವುದಿಲ್ಲ, ಎತ್ತಬೇಕು. ಏತವನ್ನೂ ಕಪಿಲೆಯನ್ನೂ ಬಲ್ಲ ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಟ್ಟಣದಲ್ಲಿ ಮನೆ ಕಟ್ಟಿಸುವ ವಿದ್ಯಾವಂತರೇ ಇದನ್ನು ಮರೆಯುವರು.

ಇದನ್ನು ಮರೆತು ಕಷ್ಟಪಟ್ಟವರಲ್ಲಿ ಲಂಡನ್ನಿನವರೂ ಇದ್ದರು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಆ ನಗರದ ಮೋರಿಗಳೆಲ್ಲ ಥೇಮ್ಸ್ ನದಿಗೆ ಬೀಳುತ್ತಿದ್ದುವು. ಸಮುದ್ರದ ಭರತದ ಸಮಯದಲ್ಲಿ ನದಿಯ ಮಟ್ಟವು ಮೋರಿಯ ಬಾಯಿಗಿಂತ ಮೇಲೇರಿ, ಮೋರಿಯ ನೀರು ಹೊರಗೆ ಹೋಗದೆ ಹಿಂದಕ್ಕೆ ಒತ್ತಿ, ತಗ್ಗಿನ ಬೀದಿಗಳ ನೆಲಮಾಳಿಗೆಗಳಲ್ಲಿ ಉಕ್ಕುತ್ತಿತ್ತು. ೧೮೫೮ರ ಬೇಸಗೆಯಲ್ಲಿ ನದಿಯ ದುರ್ಗಂಧವು ಪಾರ್ಲಿಮೆಂಟಿನ ಸಭೆಯನ್ನೇ ಪೀಡಿಸಿತು. ಆಮೇಲೆ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಇಂಜಿನಿಯರನು ನದಿಗೆ ಸಮಾನಾಂತರವಾಗಿ ದೊಡ್ಡ ಮೋರಿಗಳನ್ನು ಕಟ್ಟಿ, ನೀರನ್ನು ಊರ ಹೊರಕ್ಕೆ ಸಾಗಿಸಿದನು. ಅವನಿಗೂ ಬರಿಯ ಇಳಿಜಾರು ಸಾಲಲಿಲ್ಲ. ೧೮೬೫ರಲ್ಲಿ ಕ್ರಾಸ್‌ನೆಸ್ಸಿನಲ್ಲಿಯೂ, ೧೮೬೮ರಲ್ಲಿ ಅಬೆ ಮಿಲ್ಸಿನಲ್ಲಿಯೂ ಉಗಿಯಂತ್ರಗಳನ್ನಿಟ್ಟು ತಗ್ಗಿನ ಮೋರಿಗಳ ನೀರನ್ನು ಎತ್ತಬೇಕಾಯಿತು.

ಆ ನಾಡಿನಿಂದಲೇ ಬಂದ ಇನ್ನೊಂದು ಸಣ್ಣ ಉಪಾಯವನ್ನು ಇಲ್ಲಿಯೇ ಹೇಳಬಹುದು. ೧೭೭೫ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕೆಲಸಗಾರನು ಕೊಳವೆಯನ್ನು ಹಾವಿನಂತೆ ಬಾಗಿಸಿ, ಆ ಬಾಗಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಲ್ಲುವಂತೆ ಮಾಡಿ, ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಮೋರಿಯ ದುರ್ವಾಯುವು ಆ ನೀರಿನ ಮುದ್ರೆಯನ್ನು ದಾಟಿ ಮನೆಯೊಳಗೆ ಬರಲಾರದು. ನಮ್ಮ ಬಚ್ಚಲುಗಳ ನೆಲದಲ್ಲಿ ಹುಗಿದಿರುವ ನಹಾನಿ ಟ್ರ್ಯಾಪು ಇದೇ ತತ್ವದ್ದು. ಅದರಲ್ಲಿ ಸುಮಾರು ಎರಡು ಅಂಗುಲ ನೀರು ನಿಲ್ಲುವಂತಿರಬೇಕು. ಬಹುದಿನ ಬಳಸದ ಬಚ್ಚಲಿನಲ್ಲಿ ಆ ನೀರು ಆರಿಹೋಗಿ ವಾಸನೆ ಬರುವುದುಂಟು. ವಾರಕ್ಕೊಂದು ಚಂಬು ನೀರನ್ನು ಸುರಿದರೆ ಸಾಕು.

ಇನ್ನು ಹುನಗುಂದ ಸೀಮೆಯ ಕೂಡಲಸಂಗಮಕ್ಕೆ ಬರೋಣ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಆ ಪುಣ್ಯಸ್ಥಳದಲ್ಲಿ ಬಸವಣ್ಣನವರ ಐಕ್ಯಸ್ಥಾನವಿದೆ. ಕೃಷ್ಣೆಗೆ ಕೆಳಗಡೆ ನಾರಾಯಣಪುರದಲ್ಲಿ ಕಟ್ಟಿದ ಅಣೆಕಟ್ಟು ೧೯೮೨ರಲ್ಲಿ ಮುಗಿದು, ಅದರ ಹಿನ್ನೀರು ಸಂಗಮದವರೆಗೂ ಹರಡಿತು. ನದಿಯ ದಡದಲ್ಲಿದ್ದ ಐಕ್ಯಮಂಟಪವು ನೀರಿನೊಳಗೆ ಮುಳುಗಬೇಕಾಗಿತ್ತು. ಅದನ್ನು ಬೇರೆಡೆಗೆ ಒಯ್ಯಲು ಭಕ್ತರ ಮನಸ್ಸು ಒಪ್ಪುವಂಥದಲ್ಲ. ಆದುದರಿಂದ ಅದರ ಸುತ್ತಲೂ ಬಾವಿಯಂತೆ ಗುಂಡನೆಯ ಭದ್ರವಾದ ಗೋಡೆಯನ್ನು ಎಬ್ಬಿಸಿ, ದಡದಿಂದ ಸೇತುವೆಯನ್ನು ಕಟ್ಟಿ, ಒಳಗೆ ಮೆಟ್ಟಿಲುಗಳನ್ನು ಇಳಿಸಿದರು. ಇಂದು ಯಾತ್ರಿಕರು ನೀರಿನ ನಡುವೆ ನಡೆದು, ನೀರಿನ ಮಟ್ಟಕ್ಕಿಂತ ಕೆಳಕ್ಕೆ ಇಳಿದು ದರ್ಶನ ಪಡೆಯುವರು. ಹೊರಗೆ ನದಿಯು ನಿಂತಿರುವಾಗ, ಮೆಟ್ಟಿಲ ಕೆಳಗೆ ನಿಂತು ತಲೆಯೆತ್ತಿ ನೋಡಿದವರಿಗೆ ನೆಲಮಾಳಿಗೆಯೆಂದರೆ ಏನೆಂಬುದು ಮನವರಿಕೆಯಾಗುತ್ತದೆ. ಅಂಥ ಸ್ಥಳದಲ್ಲಿ ಗೋಡೆಯು ಹೊರಗಿನ ನೀರನ್ನು ತಡೆಯುತ್ತದೆ, ಸರಿ. ಆದರೆ ಒಳಗೆ ಜಿನುಗಿದ ಒಂದು ಹನಿಯಾದರೂ ತಾನಾಗಿ ಹೊರಗೆ ಹೋಗುವುದಕ್ಕೆ ದಾರಿಯಿಲ್ಲ. ತಡೆಯುವುದು ಒಂದು ಕೆಲಸ, ಕಳುಹಿಸುವುದು ಇನ್ನೊಂದು ಕೆಲಸ. ನೆಲಮಾಳಿಗೆಯನ್ನು ಕಟ್ಟಿಸುವವರು ಮೊದಲನೆಯದಕ್ಕೆ ಹಣ ಸುರಿದು ಎರಡನೆಯದನ್ನು ಮರೆಯಬಾರದು.

ಬಾಗಲಕೋಟೆಯ ವಿಷಯಕ್ಕೆ ಬಂದರೆ, ಅಲ್ಲಿ ಇನ್ನೊಂದು ವಿಶೇಷವಿದೆ. ಆ ಊರು ಘಟಪ್ರಭೆಯ ದಡದ್ದು. ೧೯೬೪ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಅಣೆಕಟ್ಟಿನಲ್ಲಿ ನೀರು ೫೧೯.೬ ಮೀಟರಿನ ಮಟ್ಟಕ್ಕೆ ನಿಂತಾಗ, ಅದರ ಹಿನ್ನೀರಿನಲ್ಲಿ ಹಳೆಯ ಊರಿನ ತಗ್ಗಿನ ಕೇರಿಗಳು ಮುಳುಗಿದುವು. ಮನೆಮಠಗಳನ್ನು ಕಳೆದುಕೊಂಡವರಿಗಾಗಿ ನವನಗರವೆಂಬ ಹೊಸ ಊರನ್ನು ಎತ್ತರದ ನೆಲದಲ್ಲಿ ಕಟ್ಟಬೇಕಾಯಿತು. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಲಿಯು ೨೦೧೦ರಲ್ಲಿ ಈ ಮಟ್ಟವನ್ನು ೫೨೪.೨೫೬ ಮೀಟರಿಗೆ ಏರಿಸಲು ಅನುಮತಿಯನ್ನಿತ್ತಿತು. ಎರಡಕ್ಕೂ ಅಂತರವು ಸುಮಾರು ೧೫ ಅಡಿ. ನಾವು ಮೇಲೆ ಹೇಳಿದ ಕೀಲಿಕೈಯ ಮಾತನ್ನು ಇಲ್ಲಿ ನೆನೆಯಬೇಕು. ಒಂದು ಮನೆಯ ಬಚ್ಚಲು ಎಷ್ಟು ತಗ್ಗಿನದೆಂಬುದು ನೀರು ಕಟ್ಟಕಡೆಗೆ ಸೇರುವ ಜಾಗದ ಮಟ್ಟವನ್ನು ಅವಲಂಬಿಸಿರುತ್ತದೆ. ಆ ಮಟ್ಟವೇ ಮೇಲೇರಿದರೆ, ಮನೆಯನ್ನು ಯಾರೂ ಮುಟ್ಟದಿದ್ದರೂ ಮನೆಯು ತಗ್ಗಿದಂತೆಯೇ ಲೆಕ್ಕ. ಥೇಮ್ಸ್ ನದಿಯ ಭರತವು ದಿನಕ್ಕೆ ಎರಡು ಸಲ ಬಂದು ಇಳಿಯುತ್ತಿತ್ತು. ಜಲಾಶಯದ ಮಟ್ಟವು ಏರಿದರೆ ತಿಂಗಳುಗಟ್ಟಲೆ ಏರಿಯೇ ನಿಲ್ಲುವುದು. ಸುತ್ತಲಿನ ನೆಲದೊಳಗಿನ ನೀರೂ ಅದರೊಂದಿಗೆ ಮೇಲೇರುವುದು.

ಎತ್ತರದಲ್ಲಿದ್ದೇವೆಂಬ ಧೈರ್ಯವೂ ಯಾವಾಗಲೂ ಉಳಿಯುವುದಿಲ್ಲ. ಗುಂಡನು ಅಷ್ಟು ಎಚ್ಚರದಿಂದ ಮಟ್ಟಗಳನ್ನು ಎಣಿಸಿ ಕಟ್ಟಿದ ಪಟ್ಟದಕಲ್ಲಿನ ಆವರಣಕ್ಕೇ ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯು ನುಗ್ಗಿತು. ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಗುಡಿಗಳ ನಡುವೆ ನದಿಯೇ ಹರಿಯಿತು. ಹೊರಗೆ ನೀರು ಪ್ರಣಾಲದ ಬಾಯಿಗಿಂತ ಮೇಲೇರಿದ ಕ್ಷಣದಲ್ಲಿ ಪ್ರಣಾಲವು ಹೊರದಾರಿಯಲ್ಲ, ಒಳದಾರಿ.

ಈ ವಿಚಾರಗಳನ್ನೆಲ್ಲ ತುಂಬಿಕೊಂಡು ನಾವು ಬಾಗಲಕೋಟೆಗೆ ಹಿಂತಿರುಗಿದೆವು. ಮರುದಿನ ಮಾವನವರೂ ನಾವೂ ಗೌಂಡಿಯನ್ನು ಕರೆದುಕೊಂಡು, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟಗಳನ್ನು ಅಳೆದೆವು. ನೆಲಮಾಳಿಗೆಯ ನೆಲವು ಬೀದಿಗಿಂತ ೭ ಅಡಿ ಕೆಳಗೆ. ಬೀದಿಯ ಒಳಚರಂಡಿಯ ತಳವು ಬೀದಿಗಿಂತ ೪ ಅಡಿ ಕೆಳಗೆ. ಮನೆಯಿಂದ ಅಲ್ಲಿಗೆ ೪೦ ಅಡಿ ದೂರ. ನಾಲ್ಕು ಅಂಗುಲದ ಕೊಳವೆಗೆ ನಲವತ್ತಕ್ಕೆ ಒಂದರಂತೆ ಇಳಿಜಾರು ಇರಬೇಕೆಂಬುದು ಇಂಜಿನಿಯರುಗಳ ಹಳೆಯ ಲೆಕ್ಕ. ಆರು ಅಂಗುಲದ್ದಕ್ಕೆ ಅರವತ್ತಕ್ಕೆ ಒಂದು ಸಾಕು. ಹಾಗಾದರೆ ನಮ್ಮ ೪೦ ಅಡಿಗೆ ಒಂದು ಅಡಿಯ ಇಳಿತವು ಬೇಕು. ಕೊಳವೆಯು ಮನೆಯ ಬಳಿ ಬೀದಿಗಿಂತ ೩ ಅಡಿ ಆಳದಲ್ಲಿಯೇ ಆರಂಭವಾಗಬೇಕು. ಬಚ್ಚಲ ನೆಲದ ಕೆಳಗೆ ಟ್ರ್ಯಾಪಿಗೂ ಕೊಳವೆಗೂ ಇನ್ನೊಂದು ಅಡಿ. ಎಂದರೆ, ಬೀದಿಗಿಂತ ೨ ಅಡಿಯವರೆಗೆ ತಗ್ಗಿದ ಬಚ್ಚಲಿನ ನೀರು ತಾನಾಗಿ ಹರಿದುಹೋಗುವುದು. ನಮ್ಮದು ೭ ಅಡಿ. ೫ ಅಡಿಯ ಕೊರತೆ. ಗೌಂಡಿಯು ಒಂದು ನಿಮಿಷ ಸುಮ್ಮನಿದ್ದು, “ಹಂಗಾದ್ರ ಕಾಂಕ್ರೀಟು ಹಾಕಿದ್ದ್ರ ಒಡೀಬೇಕಾಗ್ತಿತ್ರಿ” ಎಂದನು. ಅವನ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಇಂಜಿನಿಯರೊಬ್ಬರ ಸಲಹೆಯನ್ನು ಪಡೆದು ಕೊನೆಗೆ ಮಾಡಿದ ವ್ಯವಸ್ಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತು. ಕೆಳಗಿನ ಬಚ್ಚಲನ್ನು ಮೊದಲು ಗೊತ್ತುಮಾಡಿದ್ದ ಹಿಂದಿನ ಮೂಲೆಯಿಂದ ತೆಗೆದು, ಬೀದಿಗೆ ಹತ್ತಿರವಾದ ಮೂಲೆಯಲ್ಲಿ, ಮೇಲಿನ ಬಚ್ಚಲಿನ ಸರಿಯಾಗಿ ಕೆಳಗೆ ಇಟ್ಟದ್ದಾಯಿತು. ಮೇಲಂತಸ್ತಿನ ನೀರು ಒಂದು ಹನಿಯೂ ಕೆಳಕ್ಕೆ ಇಳಿಯದೆ, ತನ್ನ ಇಳಿಜಾರಿನಲ್ಲಿ ನೇರವಾಗಿ ಬೀದಿಗೆ ಹೋಗುವಂತೆ ಬೇರೆ ಕೊಳವೆಯನ್ನು ಹಾಕಿದರು. ತಾನಾಗಿ ಇಳಿಯಬಲ್ಲ ನೀರನ್ನು ತಗ್ಗಿಗೆ ಬಿಟ್ಟು ಮತ್ತೆ ಎತ್ತುವುದು ಅವಿವೇಕ. ಕೆಳಗಿನ ಬಚ್ಚಲಿನ ನೀರಿಗೆ ಮಾತ್ರ ಒಂದು ಗುಂಡಿ. ಅದಕ್ಕೆ ವಾಸನೆ ಬಾರದಂತೆ ಬಿಗಿಯಾದ ಮುಚ್ಚಳ, ಮಾಡಿನ ಮೇಲಕ್ಕೆ ಹೋಗುವ ಗಾಳಿಕೊಳವೆ, ನೀರು ತುಂಬಿದಾಗ ತಾನಾಗಿ ಓಡುವ ಪಂಪು, ಅದು ಕೆಟ್ಟರೆ ಇನ್ನೊಂದು. ಪಂಪಿನ ಕೊಳವೆಯು ಮೊದಲು ಬೀದಿಯ ಮಟ್ಟಕ್ಕಿಂತ ಮೇಲಕ್ಕೆ ಏರಿ, ಆಮೇಲೆ ಬಾಗಿ ಚರಂಡಿಗೆ ಇಳಿಯುತ್ತದೆ. ಎತ್ತಿದ ನೀರು ಹಿಂದಕ್ಕೆ ಬಾರದಂತೆ ನಡುವೆ ಒಂದೇ ದಿಕ್ಕಿಗೆ ತೆರೆಯುವ ಕವಾಟವನ್ನಿಟ್ಟಿದ್ದಾರೆ. ಬೀದಿಯ ಚರಂಡಿಯು ಮಳೆಗಾಲದಲ್ಲಿ ಕಟ್ಟಿಕೊಂಡರೂ ಅದರ ನೀರು ಆ ಬಾಗನ್ನು ದಾಟಿ ಒಳಗೆ ಬರದು. ಈ ಕೊಳವೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕುಳಿತು, ಒಂದು ಕೊಡ ನೀರನ್ನು ಸುರಿದು ಪರೀಕ್ಷಿಸಿದ ಮೇಲೆಯೇ ನೆಲಕ್ಕೆ ಕಾಂಕ್ರೀಟು ಬಿತ್ತು.

ಅತ್ತೆಯವರು ಒಂದೇ ಪ್ರಶ್ನೆಯನ್ನು ಕೇಳಿದರು: “ಕರೆಂಟು ಹೋದ್ರ?” ನಾವು ನೋಡಿದ ಮಹಾಶಿಲ್ಪಗಳಲ್ಲಿ ಯಾವುದೂ ಈ ಪ್ರಶ್ನೆಗೆ ಗುರಿಯಾಗುವಂಥದಲ್ಲ, ಪ್ರಣಾಲಕ್ಕೆ ವಿದ್ಯುತ್ತು ಬೇಡ. ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಅದು ಯಾರ ಹಂಗೂ ಇಲ್ಲದೆ ಕೆಲಸಮಾಡಿದೆ. ಎತ್ತರದಲ್ಲಿ ಕಟ್ಟಿದವನು ನೀರನ್ನು ಭೂಮಿಯ ವಶಕ್ಕೆ ಒಪ್ಪಿಸಿ ನಿಶ್ಚಿಂತನಾಗಬಹುದು. ತಗ್ಗಿನಲ್ಲಿ ಕಟ್ಟಿದವನು ದಿನವೂ ಎಚ್ಚರವಾಗಿರಬೇಕು. ಅತ್ತೆಯವರ ಮಾತನ್ನು ತೆಗೆದುಹಾಕಲಾಗದೆ, ನೆಲದ ಅಂತಸ್ತಿನಲ್ಲಿಯೂ ಅವರ ಮಲಗುವ ಕೋಣೆಗೆ ಹೊಂದಿಕೊಂಡು ಒಂದು ಬಚ್ಚಲನ್ನು ಕಟ್ಟಿಸಿದರು. ಬೇಸಗೆಯ ಮಧ್ಯಾಹ್ನಗಳಲ್ಲಿ ಅವರು ಕೆಳಗಿರುವರು, ಮಳೆಗಾಲದಲ್ಲಿ ಮೇಲಿರುವರು. ಜಲಾಶಯದ ಮಟ್ಟವು ಏರಿದ ದಿನ ಕೆಳಗಿನ ಬಚ್ಚಲಿನ ಗತಿಯೇನೆಂಬುದನ್ನು ಅಂದೇ ನೋಡಬೇಕು.

ಹೊಸ ಮನೆಗಳನ್ನು ಕಟ್ಟಿಸುವ ಉತ್ಸಾಹದಲ್ಲಿರುವ ಶ್ರೋತೃಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮುಂದಿನ ಸಲ ಪಟ್ಟದಕಲ್ಲಿಗೆ ಹೋದಾಗ ವಿಗ್ರಹಗಳನ್ನು ನೋಡಿದ ಮೇಲೆ ಗುಡಿಯ ಉತ್ತರದ ಗೋಡೆಯ ಬಳಿಗೂ ಒಂದು ನಿಮಿಷ ಹೋಗಿ ಬನ್ನಿ. ಮನೆಯ ನಕ್ಷೆಯನ್ನು ಬಿಡಿಸುವಾಗ ನಡುಮನೆ, ದೇವರ ಮನೆ, ಬಾಗಿಲುಗಳ ದಿಕ್ಕು ಎಲ್ಲವನ್ನೂ ವಿಚಾರಮಾಡಿ. ಆದರೆ ಮೊದಲ ಗೆರೆಯನ್ನು ಎಳೆಯುವ ಮುಂಚೆ, ಈ ಮನೆಯ ನೀರು ಯಾವ ದಾರಿಯಿಂದ, ಯಾವ ಮಟ್ಟಕ್ಕೆ, ಎಲ್ಲಿಗೆ ಹೋಗಿ ಸೇರುತ್ತದೆಂಬುದನ್ನು ಅಳೆದು ತಿಳಿದುಕೊಳ್ಳಿ.